ಒಂದನೇ ದರ್ಜೆಯ ಜೀವ

ನಮ್ಮ ಕಸುಬಿನಲ್ಲಿ ಮನುಷ್ಯರನ್ನು ಮನುಷ್ಯರೆನ್ನುವುದಿಲ್ಲ,
ಜೀವ ಎನ್ನುತ್ತೇವೆ.
ಮಾರ್ಚ್ ಬಂತೆಂದರೆ ಶಾಖೆಯ ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು
‘ಎಷ್ಟು ಜೀವ ಆಯ್ತು ಮಾರಾಯ್ರೆ?’
ನನ್ನದು ಆ ವರ್ಷ ಮೂವತ್ತೊಂದು.
ಅದರಲ್ಲಿ ಮೂರು, ಬಲ್ಲಾಳ ಡಾಕ್ಟರು ಕೊಡಿಸಿದ್ದು.

ಬಂದರಿನಲ್ಲಿ, ಹಗ್ಗದಂಗಡಿಯ ಮಾಳಿಗೆಯಲ್ಲಿ ಅವರ ಕ್ಲಿನಿಕ್ಕು.
ಕೆಳಗಿನಿಂದ ಕತ್ತದ ವಾಸನೆ, ದಕ್ಕೆಯಿಂದ ಒಣಮೀನಿನದು,
ನಡುವೆ ಸ್ಪಿರಿಟ್ಟು.
ಮೂಟೆ ಹೊರುವವರ ಹತ್ತಿರ ಫೀಸು ಕೇಳಿದವರಲ್ಲ.
ನನ್ನ ಮಗಳು ಟೈಫಾಯ್ಡಿನಲ್ಲಿ ಬಾಯಿ ಒಣಗಿ ಮಲಗಿದ್ದಾಗ
ರಾತ್ರಿ ಒಂದೂವರೆಗೆ ಬೋಳಾರದ ತನಕ ಬಂದರು,
ಬೆಳಗಾಗುವವರೆಗೆ ಕೂತರು.
ಹೊರಗೆ ಕಾರಿನಲ್ಲಿ ಡ್ರೈವರ್ ಪಾವ್ಲು ಬಾಯಿ ತೆರೆದು ನಿದ್ದೆ.
ಹೆಂಡತಿ ಕೊಟ್ಟ ಗಂಜಿತಿಳಿ ಕುಡಿದು
‘ಉಪ್ಪು ಸ್ವಲ್ಪ ಜಾಸ್ತಿ ಅಕ್ಕ’ ಎಂದು ನಕ್ಕರು.
ಮಗಳು ಈಗ ಕಾರ್ಕಳದಲ್ಲಿ ಟೀಚರು.
ಇದನ್ನು ಯಾವ ಖಾತೆಗೆ ಬರೆಯಲಿ?

ಫಾರಂ ತುಂಬಿದ್ದು ನಾನು. ಅಕ್ಷರ ನನ್ನದು.
ಕಂಪೌಂಡರ್ ಐತಪ್ಪ, ವಯಸ್ಸು ಮೂವತ್ತನಾಲ್ಕು.
ಆ ಪಾವ್ಲು.
ಗುಡಿಸಿ ಒರೆಸುವ ಲಚ್ಚಿಲು,
ಹುಟ್ಟಿದ ವರ್ಷ ಕೇಳಿದರೆ ದೊಡ್ಡ ನೆರೆಯ ಮರುವರ್ಷ ಎಂದಳು,
ಹೆಬ್ಬೆಟ್ಟು ಒತ್ತಿ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.
ಕಂತು ಡಾಕ್ಟರದೇ. ‘ಪಾಪ, ಅವರಿಗೆಲ್ಲಿಂದ ಬರಬೇಕು.’
ನಾಮಿನಿ ಎಂಬಲ್ಲಿ ಒಂದು ಗಳಿಗೆ ಪೆನ್ನು ನಿಂತಿತ್ತು.
ಅವರು ಹೇಳಿದ ಹೆಸರು ಬರೆದೆ.

ತಪಾಸಣೆಯ ಡಾಕ್ಟರೂ ಅವರೇ, ಕಂಪೆನಿಯ ಪಟ್ಟಿಯಲ್ಲಿದ್ದವರು.
ಎದೆಗೆ ಟೇಪು ಹಿಡಿದರು. ಉಸಿರೆಳೆದಾಗ ಮೂವತ್ತಾರು,
ಬಿಟ್ಟಾಗ ಮೂವತ್ತಮೂರು.
‘ಒಂದನೇ ದರ್ಜೆಯ ಜೀವ’ ಎಂದು ಬರೆದು
ಐತಪ್ಪನ ಬೆನ್ನು ತಟ್ಟಿದರು.
ಅವನಿಗೆ ಎಷ್ಟು ಖುಷಿಯೆಂದರೆ
ಆ ದಿನವಿಡೀ ಅಂಗಿಯ ಮೇಲಿನ ಗುಂಡಿ ಹಾಕಲಿಲ್ಲ.

ಹದಿನಾಲ್ಕು ತಿಂಗಳಿಗೆ ಇನ್ನೊಂದು ಸರ್ಟಿಫಿಕೇಟು.
ಅದೇ ನೀಲಿ ಶಾಯಿ, ಅದೇ ಎಡಕ್ಕೆ ವಾಲುವ ಸಹಿ.
ಹೃದಯಾಘಾತ.
ದಿನಾ ಸಂಜೆ ಸೂಜಿ ಕುದಿಸುವ ಕೆಲಸ ಐತಪ್ಪನದು.
ಅವತ್ತಿನದನ್ನೂ ಅವನೇ ಕುದಿಸಿಟ್ಟಿರಬೇಕು.
ನಂದಿಗುಡ್ಡೆಯಲ್ಲಿ ಡಾಕ್ಟರು ಕೊಡೆಯಿಲ್ಲದೆ ಬಿಸಿಲಲ್ಲಿ ನಿಂತರು,
ಜನ ಅದನ್ನೂ ಹೊಗಳಿದರು.

ಪಾವ್ಲು. ಆಮೇಲೆ ಲಚ್ಚಿಲು.
ಮೂರನೆಯದಕ್ಕೆ, ಡಿವಿಜನ್ ಆಫೀಸಿಗೆ ಹೊಸದಾಗಿ ಬಂದ ಹುಡುಗ
ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದ.
ನಾನಲ್ಲ. ನನಗೆ ಇಪ್ಪತ್ತೆರಡು ವರ್ಷದ ಅನುಭವ ಇತ್ತು.

ಜೀಪು ಬಂದು ಕರೆದೊಯ್ದ ಮರುದಿನವೂ
ಮಾಳಿಗೆಯ ಮೆಟ್ಟಿಲಲ್ಲಿ ಜನ ಚೀಟಿ ಹಿಡಿದು ಕೂತಿದ್ದರು.
‘ಸಂಜೆಯೊಳಗೆ ಬಿಡ್ತಾರೆ’ ಎನ್ನುತ್ತ ಒಬ್ಬಳು
ಕೆಮ್ಮುವ ಮಗುವಿನ ಬೆನ್ನು ನೀವುತ್ತಿದ್ದಳು.

ಆ ಮೂರರ ಕಮಿಷನ್ನಿಗೆ ಮಿಕ್ಸಿ ಕೊಂಡಿದ್ದೆ.
ಇವತ್ತೂ ತೆಂಗಿನಕಾಯಿ ನುಣ್ಣಗೆ ಅರೆಯುತ್ತದೆ.
ಹೆಂಡತಿಗೆ ಹೇಳಿಲ್ಲ.

ಐತಪ್ಪನ ವಾರಿಜ ಬಂದದ್ದು ಆಟಿಯಲ್ಲಿ,
ಬೀಡಿ ಬ್ರಾಂಚಿಗೆ ಹೋಗುವ ದಾರಿಯಲ್ಲಿ, ಪ್ಲಾಸ್ಟಿಕ್ಕು ಸುತ್ತಿದ ಬುಟ್ಟಿ ಕಂಕುಳಲ್ಲಿ.
ಪಾಲಿಸಿ ಇದ್ದದ್ದೇ ಪೇಪರಿನವರು ಹೇಳಿ ಗೊತ್ತಾಯಿತಂತೆ.
ಬೊಜ್ಜಕ್ಕೆಂದು ಡಾಕ್ಟರು ಕೊಟ್ಟ ಐನೂರು ರೂಪಾಯಿ
ಅವರ ಮನೆಗೆ ವಾಪಸು ಕೊಡಬೇಕಾ, ಪೊಲೀಸರಿಗಾ, ಕೇಳಿದಳು.
ಗೊತ್ತಿಲ್ಲ ಎಂದೆ.
‘ಅವರ ಮೇಲೆ ಎಷ್ಟು ಬರೆದಿತ್ತು?’
ಒಂದು ಲಕ್ಷ, ಎಂದೆ. ಬೋನಸ್ಸು ಬೇರೆ.

ಎಲೆ ಕತ್ತರಿಸಿ ಕಪ್ಪಾದ ಬೆರಳನ್ನು ನೋಡಿಕೊಂಡಳು, ತುಂಬಾ ಹೊತ್ತು.
‘ಅಷ್ಟು ಉಂಟಾ.
ಕುಡಿದು ಬಂದ ರಾತ್ರಿಯೆಲ್ಲ ಅಳುತ್ತಿದ್ದರು,
ನಾನು ಮೂರು ಕಾಸಿಗೆ ಬಾಳದವ ಅಂತ.
ಗೊತ್ತಿದ್ದರೆ
ಒಂದು ಸಲ ಹೇಳುತ್ತಿದ್ದೆ.’