ಮೂರನೇ ಗಲ್ಲಿ

ಬಕ್ಷಿ ಗಾರ್ಡನ್ನಿನ ಹಿಂದೆ ರಸ್ತೆ ಮೂರಾಗಿ ಸೀಳುತ್ತದೆ:
ಒಂದು ಗುಜರಿ ಅಂಗಡಿಗೆ, ಒಂದು ಸೌದೆ ಡಿಪೋಗೆ,
ಇನ್ನೊಂದು, ಸೈಕಲ್ ಹಿಡಿಸುವಷ್ಟೇ ಅಗಲ, ರಾಜಕಾಲುವೆಯ ಗೋಡೆಗೆ.
ಬೆಳಿಗ್ಗೆ ಐದೂವರೆ. ಇಳಿಜಾರಲ್ಲಿ ಇಂಜಿನ್ ಆರಿಸಿ
ವ್ಯಾನನ್ನು ಜಾರಲು ಬಿಟ್ಟೆವು.
ಅದರ ಸದ್ದು ಬೀದಿನಾಯಿಗಳಿಗೆಲ್ಲ ಬಾಯಿಪಾಠ.

ಗುಜರಿ ಕಡೆ ಜಬೀವುಲ್ಲಾ ಬಲೆ ಹಿಡಿದು ನಿಂತ,
ಸೌದೆ ಕಡೆ ನಾನು.
ಕಂದು ಹೆಣ್ಣುನಾಯಿ, ಬೆನ್ನ ಮೇಲೆ ಬಿಸಿ ಎಣ್ಣೆಯ ಹಳೇ ಕಲೆ,
ಬಂತು, ಕವಲಲ್ಲಿ ನಿಂತಿತು.
ಅತ್ತ ಮೂಸಿತು: ಬೀಡಿ, ಬಲೆಗಂಟಿದ ಬೇರೆ ನಾಯಿಗಳ ಉಚ್ಚೆ.
ನನ್ನತ್ತ ಮೂಸಿತು.
ಮೂರನೆಯದನ್ನು ಮೂಸಲೇ ಇಲ್ಲ.
ಓಡಿತು.

ಹದಿನಾರು ವರ್ಷದ ಕೆಲಸ, ಎಷ್ಟೋ ತಪ್ಪಿಸಿಕೊಂಡಿವೆ.
ಆದರೆ ಈ ಮೂಸದೆ ಹೋದದ್ದು
ಮುಳ್ಳಿನ ಹಾಗೆ ಕಾಲಲ್ಲೇ ಉಳಿಯಿತು.
ಇದಲ್ಲ, ಇದೂ ಅಲ್ಲ, ಹಾಗಾದರೆ...
ಆ 'ಹಾಗಾದರೆ'ಗೆ ವಾಸನೆಯಿಲ್ಲವಲ್ಲ,
ಅದನ್ನು ಯಾವ ಮೂಗಿನಿಂದ ಹಿಡಿಯಿತು?

"ನಾಯಿಗೆಂಥ ಲೆಕ್ಕ ಅಣ್ಣ, ಜೀವಭಯ ಅಷ್ಟೇ," ಅಂದ ಜಬಿ.
ಇರಬಹುದು.
ಏಳನೇ ಕ್ಲಾಸಲ್ಲಿ ಮೇಷ್ಟ್ರು ಬರೆಸಿದ್ದರು,
ಹೊಗೆಯಿದ್ದಲ್ಲಿ ಬೆಂಕಿ.
ಬರೆದುಕೊಂಡಿದ್ದೆ, ಕಾಪಿ ಹೊಡೆದು ಪಾಸಾಗಿದ್ದೆ.

ಮಾರನೇ ದಿನ ಮೂರನೇ ಗಲ್ಲಿಯಲ್ಲಿ
ದೊರೆರಾಜನನ್ನು ಗೋಣಿ ಹೊದಿಸಿ ಕೂರಿಸಿದೆವು.
ಅವಳು ಬಂದಳು.
(ಒಂದೇ ರಾತ್ರಿಯಲ್ಲಿ 'ಅದು' ನನ್ನ ಬಾಯಲ್ಲಿ 'ಅವಳು' ಆಗಿತ್ತು.)
ನಿಂತಳು. ಗಲ್ಲಿಗಳನ್ನಲ್ಲ, ನನ್ನ ಮುಖ ನೋಡಿದಳು.
ಆ ಮೂರನೇ ಕಡೆ ನೋಡಬಾರದೆಂದು
ನಾನೆಷ್ಟು ಬಿಗಿಯಾಗಿ ನೋಡದೆ ನಿಂತಿದ್ದೆನೆಂದರೆ
ಅವಳಿಗೆ ಅಷ್ಟೇ ಸಾಕಾಯಿತು.
ನನ್ನ ಎರಡು ಕಾಲಿನ ಸಂದಿಯಲ್ಲಿ ನುಗ್ಗಿ
ಸೌದೆ ರಾಶಿ ಹತ್ತಿ, ಮಾಯ.
ಗೋಣಿಯೊಳಗಿಂದ ದೊರೆರಾಜ ಸೀನಿದ.

ಹನ್ನೊಂದನೇ ದಿನ ಸಿಕ್ಕಳು. ನಮ್ಮ ಜಾಣತನದಿಂದಲ್ಲ,
ಬೇಕರಿಯ ಹಳಸಿದ ದಿಲ್‌ಪಸಂದ್‌ನಿಂದ.
ಆಪರೇಷನ್ ಆಯಿತು, ಎಡಗಿವಿಯ ತುದಿಗೆ ಕತ್ತರಿ ಬಿತ್ತು,
ಐದನೇ ದಿನ ಅದೇ ಕವಲಲ್ಲಿ ಇಳಿಸಿದೆವು.
ಈಗ ವ್ಯಾನು ಬಂದರೆ ಉಳಿದವು ದಿಕ್ಕಾಪಾಲು,
ಇವಳು ನಡುರಸ್ತೆಯಲ್ಲಿ ಮಲಗಿಯೇ ಇರುತ್ತಾಳೆ.
ಕಿವಿ ಕತ್ತರಿಸಿದ್ದನ್ನು ನಾವು ಎರಡನೇ ಸಲ ಒಯ್ಯುವುದಿಲ್ಲ.
ಯಾರು ಹೇಳಿದರು ಅವಳಿಗೆ? ತನ್ನ ಕಿವಿ ತಾನು ಕಂಡಿಲ್ಲ,
ಬೇರೆಯವರ ಕಿವಿ ನೋಡಿ ಹೊಂದಿಸಿದಳೋ?
"ಸುಸ್ತು ಕಣ್ರೀ, ವಯಸ್ಸಾಗಿದೆ," ಅಂದರು ಡಾಕ್ಟರ್ ನಳಿನಾಕ್ಷಿ,
ಗ್ಲೌಸು ಕಳಚುತ್ತಾ. ಆಮೇಲೆ,
"ಗೊತ್ತಿಲ್ಲ," ಅಂದರು. ಅದು ನನಗೆ ಹಿಡಿಸಿತು.

ನಿನ್ನೆ ರಾತ್ರಿ ಮನೆ ಬಾಗಿಲಲ್ಲಿ ಬೀಗದ ಕೈ ಹುಡುಕಿದೆ.
ಪ್ಯಾಂಟಿನ ಎಡಜೇಬಲ್ಲಿ ಇಲ್ಲ. ಬಲಜೇಬಲ್ಲಿ ಇಲ್ಲ.
ಹಾಗಾದರೆ ಶರ್ಟಿನಲ್ಲಿ, ಎಂದು ಮುಟ್ಟಿಯೂ ನೋಡದೆ
ಗೆದ್ದವನ ಹಾಗೆ ಬೆರಳು ಇಳಿಸಿದೆ.
ಅಲ್ಲೂ ಇರಲಿಲ್ಲ.
ಮೆಟ್ಟಿಲ ಮೇಲೆ ಕೂತೆ.
ಮೂಸಲು ಏನೂ ಉಳಿದಿರಲಿಲ್ಲ.