ಬಣ್ಣ ಹತ್ತಬಾರದ ಜಾಗ

ಬಣ್ಣ ಹೊಡಿಯೂದು ಒಂದ ತಾಸಿನ ಕೆಲಸ,
ಮುಚ್ಚೂದು ಮೂರು ದಿನದ್ದು,
ಅಂದಿದ್ದ ದಸ್ತಗೀರಸಾಬ.
ನಾ ನಕ್ಕಿದ್ದೆ.

ಗುಳೇದಗುಡ್ಡದ ನಮ್ಮ ಓಣ್ಯಾಗ
ಬೇವಿನ ಎಲಿ ಉದುರದಷ್ಟು ದೂರ
ನಿಂತಿತ್ತು ಇಪ್ಪತ್ತೆರಡು ವರ್ಷದ ಮಾರುತಿ.
ಕೆಂಪು ಅನ್ನೂದು ಆರ್‌ಸಿ ಪುಸ್ತಕದಾಗಷ್ಟ ಉಳಿದಿತ್ತು.
ನೀಲಿ ತಂದಿದ್ದೆ, ಎರಡು ಲೀಟರು.

ಮೊದಲ ಪೇಪರು. ರದ್ದಿ ಯಾರ ಮನ್ಯಾಗಿಲ್ಲ?
ಬಂಪರಿಗೆ ಒಂದ ಪದರ ಸುತ್ತಿ
ಬಾನೆಟ್ಟಿಗೆ ಪ್ರೈಮರು ಊದಿದೆ.
ತಿನ್ನರು ಹಾಳಿ ದಾಟಿ ಒಳಗ ಇಳದಿತ್ತು.
ಬಿಚ್ಚಿದರ, ಬಂಪರಿನ ಮ್ಯಾಲೆ
ಉಳ್ಳಾಗಡ್ಡಿ ರೇಟು, ಉಲ್ಟಾ ಅಕ್ಷರದಾಗ.
ಶಂಕ್ರವ್ವ ಒಳಗಿಂದ ಕನ್ನಡಿ ತಂದು
ಓದಿ ಹೇಳಿದಳು: ಇಳದೈತ್ರಿ.

ಸಾಬ ಬಂದು ನೋಡಿದ. ನಲವತ್ತು ವರ್ಷ
ಲಾರಿಗಳ ಹಣಿಮ್ಯಾಲೆ ಹೆಸರು ಬರದಾಂವ.
‘ಸುದ್ದಿ ಒಂದ ಹಾಳ್ಯಾಗ ನಿಲ್ಲೂದಿಲ್ಲ ಮಾಸ್ತರ,
ಎರಡು ಹಾಕ್ರಿ. ಇಲ್ಲಾ ಕಿರಾಣಿ ಅಂಗಡಿ
ಖಾಕಿ ಹಾಳಿ ತರ್ರಿ,
ಅದರ ಬಾಯಾಗ ಏನೂ ಇಲ್ಲ.’

ಮತ್ತ ಪ್ಲಾಸ್ಟಿಕ್ಕು. ಗಾಳಿಗೆ ಪಟಪಟ ಬಡಕೊಂಡು
ಒಣಗಿದ ಬಣ್ಣದ ಹಕ್ಕಳಿ
ಹಸಿ ಬಾಗಿಲ ಮ್ಯಾಲೆ ಉದುರಿಸಿತು.
ಗಾಲಿಗೆ ಹೊಚ್ಚಿದ ಗೋಣಿಚೀಲ
ಹಳೇ ನಾಯಿ ಹಂಗ ಕೂದಲಾ ಬಿಟ್ಟಿತು.
ಹತ್ತು ರೂಪಾಯಿ ಟೇಪು, ಮಧ್ಯಾಹ್ನದ ಬಿಸಲಿಗೆ,
ಬೇಡವಾದ ಬೀಗರ ಹಂಗ
ಎಬ್ಬಿಸಿದರೂ ಅರ್ಧಾ ಅಲ್ಲೇ ಕುಂತಿತು.

ಸಾಬ ಎಡಗೈ ಹೆಬ್ಬೆರಳಿನ ಉಗುರು
ಒಂದನ್ನ ಉದ್ದ ಬಿಟ್ಟಾನ.
ಅದರಲೆ ಟೇಪಿನ ಅಂಚು ತಿಕ್ಕುತ್ತ ಹೇಳಿದ:
‘ಹಚ್ಚೂದು ಯಾರಿಗೂ ಬರತೈತಿ. ಕೀಳೂದು ಕಲೀರಿ.
ಪೂರಾ ಒಣಗಿದರ ಬಣ್ಣಾನೂ ಎದ್ದು ಬರತೈತಿ,
ಹಸಿ ಇದ್ದರ ಹರೀತೈತಿ.
ಬೆರಳಿಗೆ ಹತ್ತೂ ಹತ್ತದಂಗ ಇದ್ದಾಗ
ಓರೆ ಮಾಡಿ, ಸಾವಕಾಶ.’
ರಬ್ಬರಿನ ಸಂದ್ಯಾಗ ಹತ್ತಿ ಹುರಿ ತುರುಕಿದ,
ಹಿಡಿಕಿಗೆ ವ್ಯಾಸಲೀನು ಸವರಿದ,
ಚಾ ಕುಡದು ಹೋದ.

ಹಿಂದಿನ ಗಾಜಿಗೆ ಬರೂವಷ್ಟರಾಗ
ಖಾಕಿ ಹಾಳಿ ತೀರಿತ್ತು. ಅಂಗಡಿ ಬಂದ್.
ಶಂಕ್ರವ್ವ ಮಂಚದ ಕೆಳಗಿನ ಟ್ರಂಕು ಎಳದಳು.
ಅವರಪ್ಪನ ಖಣದ ಮಗ್ಗದ ಕಾರ್ಡು.
ಮಗ್ಗ ಗುಜರಿಗೆ ತೂಕದ ಮ್ಯಾಲೆ ಹೋಗಿತ್ತು,
ತೂತಿನ ರಟ್ಟು ಉಳದಿದ್ದವು,
ಹುರಿಯಾಗ ಪೋಣಿಸಿದ್ದು, ನಂಬರು ಹಾಕಿದ್ದು.
‘ಇವು ಬ್ಯಾಡ’ ಅಂದೆ.
‘ಮತ್ತ ಯಾತಕ್ಕ ಇಟ್ಟೇನಿ?’ ಅಂದಳು.
ಅದಕ್ಕ ಉತ್ತರ
ನನ್ನ ಕಡೆ ಇರಲಿಲ್ಲ.

ಗಟ್ಟಿ ರಟ್ಟು. ಮಸಿ ಬಿಡೂದಿಲ್ಲ, ಕೂದಲಾ ಬಿಡೂದಿಲ್ಲ.
ಒಂದರ ಮಗ್ಗಲಿಗೆ ಒಂದು ಹಚ್ಚಿದೆವು.
ನಾ ಊದಿದೆ. ನೀಲಿ ಮಂಜಿನಂಗ ಹೋಗಿ ಕುಂತಿತು.
ತೂತಿನ ನೆಪ್ಪು ಇಬ್ಬರಿಗೂ ಬರಲಿಲ್ಲ.

ಹತ್ತೂ ಹತ್ತದಂಗ ಇದ್ದಾಗ, ಓರೆ ಮಾಡಿ, ಸಾವಕಾಶ
ಕಿತ್ತು ನೋಡಿದರ
ಗಾಜಿನ ತುಂಬ ನೀಲಿ ಚುಕ್ಕಿ, ಸಾಲಸಾಲು.
‘ಹೂವೇನು ಇದು?’ ಅಂದೆ.
‘ಅಲ್ಲರಿ. ಒಂದ ಕಾರ್ಡಿಗೆ ಒಂದ ಎಳಿ ಮಾತು.
ಹೂವಾಗಬೇಕಂದ್ರ ಎಲ್ಲಾ ಮಾತಾಡಬೇಕು.’
ಗಾಜಿಗೆ ಬೆರಳು ತಾಗಸದ ಓದುತ್ತ ಹೋದಳು:
ಎತ್ತು, ಬಿಡು, ಬಿಡು, ಎತ್ತು,
ಎತ್ತು, ಎತ್ತು, ಬಿಡು.
ಸಣ್ಣಾಕಿದ್ದಾಗ ಕೇಳಿದ ಸಪ್ಪಳ ಇರಬೇಕು,
ಕಾಲು ಸೈತ ನೆಲಾ ತುಳೀತಿತ್ತು.

‘ಇರಲಿ ಬಿಡು, ಚಂದ ಕಾಣತೈತಿ’ ಅಂದೆ.
‘ಹಿಂದ ಬರೂ ಗಾಡಿ ನಿಮ್ಮಪ್ಪ ನೋಡತಾನೇನು?’
ಬ್ಲೇಡು ತಂದು
ಒಂದೊಂದೇ ಚುಕ್ಕಿ ಕೆರದು ತಗದಳು, ಎಲ್ಲಾ.
ಕೆರದ ನೀಲಿ ಪುಡಿ ಸೆರಗಿಗೆ ಹತ್ತಿತು.

ಸಂಜಿಕ ಕಾರ್ಡು ಒಣಗಿಸಿ
ನಂಬರಿನ ಪ್ರಕಾರ ಜೋಡಿಸಿ ಟ್ರಂಕಿಗೆ ಇಟ್ಟಳು.
ಒಂದ ಮಗ್ಗಲಾ ನೀಲಿ ಆಗ್ಯಾವ.
ದೀಪಕ್ಕ ಹಿಡದು ನೋಡಿದೆ,
ತೂತು ಒಂದೂ ಮುಚ್ಚಿಲ್ಲ.