ಗಾಂಧಿಬಜಾರಿನ ಬೋರ್ಡು

ಸಮುದ್ರ ಕಾಣದ ಊರಿನ ನಡುಬೀದಿಯಲ್ಲಿ
ಒಂದು ಅಂಗಡಿಗೆ ಬಂದರು ಸ್ಟೋರ್ಸ್ ಅಂತ ಹೆಸರು.
ಹರಳುಪ್ಪು, ಹುರಿಹಗ್ಗ, ಲಾಟೀನಿನ ಗಾಜು, ಒಣಸೀಗಡಿ.
ಮೂಗು ಮುಚ್ಚಿಕೊಂಡೇ ಚೌಕಾಸಿ ಮಾಡುವ ಗಿರಾಕಿಗಳು.
ಹತ್ತು ವರ್ಷಕ್ಕೊಮ್ಮೆ ನನಗೆ ಕರೆ:
"ತುಕೋಜಿ, ಬೋರ್ಡು ಮಾಸಿದೆ, ಏಣಿ ತಗೊಂಡು ಬಾ."

ನಾಲ್ಕನೇ ಸಲ ಇದು. ಬಹುಶಃ ಕೊನೆಯದು.
ಎದುರಿನ ಬಟ್ಟೆ ಅಂಗಡಿಗೆ ಫ್ಲೆಕ್ಸು,
ಅದರ ಪಕ್ಕದ್ದಕ್ಕೆ ಹಗಲಲ್ಲೂ ಮಿಣುಕುವ ಅಕ್ಷರ.
ನಾಗವೇಣಿ ಮೇಸ್ತ ಗಲ್ಲಾಪೆಟ್ಟಿಗೆಯಿಂದ ಕತ್ತೆತ್ತದೆ ಅಂದಳು,
"ಬಣ್ಣದಲ್ಲೇ ಬರಿ. ಆದರೆ ಈ ಸಲ ಪೂರ್ತಿ ಕೆರೆದು ಬರಿ."

ಕೆರೆದೆ.
ಮೊದಲು ಉದುರಿದ್ದು ನನ್ನ ನೀಲಿ, ಆರಂಕಿ ಫೋನು.
ಅದರಡಿ ನನ್ನ ಹಸಿರು, ಅದರಡಿ ನನ್ನದೇ ಹಳದಿ, ಐದಂಕಿ.
ಆಗ ಕೈ ನಡುಗುತ್ತಿರಲಿಲ್ಲ.
ನೋಡಿ, ಆ ಟ ಒತ್ತಿಗೆ ಎಂಥ ಬಾಲ ಎಳೆದಿದ್ದೆ!
ಅದರಡಿ ಉಸ್ತಾದ್ ದಸ್ತಗೀರರ ಕೆಂಪು, ಒಂದರ ಮೇಲೊಂದು ಎರಡು ಪದರ.
ಕೊನೆಯ ಕೆಂಪಿನಲ್ಲಿ ಫೋನು ಮೂರೇ ಅಂಕಿ, ರಾಜ್ಯದ ಹೆಸರು ಮೈಸೂರು.
ಉಸ್ತಾದರು ಅಳತೆಪಟ್ಟಿ ಮುಟ್ಟಿದವರಲ್ಲ.
ಬೀಡಿ ಕಚ್ಚಿ, ಒಂದು ಕಣ್ಣು ಮುಚ್ಚಿ,
"ಅಕ್ಷರಕ್ಕೂ ಉಸಿರಾಡೋಕೆ ಜಾಗ ಬಿಡು" ಅನ್ನುತ್ತಿದ್ದರು.

ಏಣಿಯ ಒಂಬತ್ತನೇ ಮೆಟ್ಟಿಲಿನಿಂದ ಈ ಊರು ಬೇರೆ.
ಕೆಳಗೆಲ್ಲ ಗಾಜು, ಮೇಲೆ ಮರದ ಕಟಕಟೆ, ಪಾರಿವಾಳದ ಹಿಕ್ಕೆ,
ಗಾರೆಯಲ್ಲಿ ಕಟ್ಟಿಸಿದವನ ಇಸವಿ, ಕಟ್ಟಿಸಿದವನ ಹೆಸರಿನ ಅರ್ಧ.
ಕೋಟೆ ರಸ್ತೆಯ ಕೊನೆಗೆ ಆಂಜನೇಯ.
ಅದಕ್ಕೂ ಮುಂಚೆ ಅರಮನೆಯ ತೇಗದ ಕಂಬಗಳು,
ಅಂಗಳದಲ್ಲಿ ಮೂಗು ಮುರಿದ ವಿಗ್ರಹಗಳು, ವರ್ಗಾವಣೆಗೆ ಕಾದ ಗುಮಾಸ್ತರ ಹಾಗೆ.
ಅದರಾಚೆ ಕಾಣದಿದ್ದರೂ ಗೊತ್ತು, ಹೊಳೆ.
ಹೊಳೆಯ ನಡುವೆ ಕಾಲು ಇಳಿಬಿಟ್ಟ ಮಂಟಪ.
ಸೇತುವೆ ಬರುವ ಮುಂಚೆ ಅಲ್ಲಿ ಹರಿಗೋಲಿನವರು
ಸಂತೆಗೆ ಹೊರಟ ಹೋತವನ್ನೂ ಮದುಮಗಳನ್ನೂ
ಒಂದೇ ಬಾಡಿಗೆಗೆ ದಾಟಿಸುತ್ತಿದ್ದರಂತೆ.

ಜೈವಂತ ಮೇಸ್ತ ಹೊನ್ನಾವರದಿಂದ ಘಾಟಿ ಹತ್ತಿ
ಉಪ್ಪಿನ ಗಾಡಿಯ ಹಿಂದೆ ನಡೆದೇ ಬಂದ.
ಯಾಕೆ ಅಂದರೆ ಯಾರೂ ಸರಿಯಾಗಿ ಹೇಳುವುದಿಲ್ಲ.
ಸಾಲ ಅನ್ನುತ್ತಾರೆ, ಅಣ್ಣ ನೀರಿಗೆ ಹೋದ ಅನ್ನುತ್ತಾರೆ.
ನನ್ನ ಮುತ್ತಜ್ಜ ಯಾರದೋ ದಂಡಿನ ಕುದುರೆ ಕಾಯುತ್ತ ಬಂದ.
ಕುದುರೆ ಸತ್ತಿತು, ಇವನು ಉಳಿದ.
ರೈಲಿನ ಕಂಬಿ ಹೊತ್ತು ತಮಿಳರು ಬಂದರು,
ತಕ್ಕಡಿ ಹಿಡಿದು ಮಾರವಾಡಿಗಳು ಬಂದರು,
ಶರಾವತಿ ಮುಳುಗಿಸಿದ ಊರುಗಳಿಂದ
ಲಾರಿಯಲ್ಲಿ ಹೊಸ್ತಿಲು ಬಾಗಿಲು ಒರಳು ಹೇರಿಕೊಂಡು,
ದನದ ಕೊರಳಿನ ಗಂಟೆ ಕೈಯಲ್ಲಿ ಹಿಡಿದು, ಬಂದರು.

ಕೆಂಪಿನಡಿ ಬರೀ ಮರ. ಕಪ್ಪು, ಡಾಂಬರಿನ ವಾಸನೆ.
ಅಂಚಿನುದ್ದಕ್ಕೂ ಸಾಲು ತೂತು, ಗೇಣಿಗೆ ಮೂರು.
ಮೂರು ಸಲವೂ ಹುಳು ತಿಂದದ್ದು ಅಂತ ಬೈದು ಲಪ್ಪ ಮೆತ್ತಿದ್ದೆ.
ನಾಗವೇಣಿ ಬಂದು ಏಣಿಯ ಬುಡದಲ್ಲಿ ನಿಂತಳು.
"ಹುಳು ಅಲ್ಲ ಅದು. ಹೊಲಿಗೆ.
ದೋಣಿ ಮೊಳೆ ಹೊಡೆದಲ್ಲ, ಕಾತಾಳದ ಹುರಿ ಹಾಕಿ ಹೊಲಿದು ಕಟ್ಟೋದು.
ಅಜ್ಜ ಒಡೆದ ದೋಣಿಯ ಒಂದು ಹಲಗೆ ಹೊತ್ತು ತಂದಿದ್ದ."
ಅಷ್ಟು ಹೇಳಿ ಒಳಗೆ ಹೋದಳು. ಅರ್ಧ ಸೇರು ಸೀಗಡಿಗೆ ಯಾರೋ ಕಾದಿದ್ದರು.

ಈ ಸಲ ತೂತು ಮುಚ್ಚಲಿಲ್ಲ.
ಲಪ್ಪದ ಡಬ್ಬಿಗೆ ಮುಚ್ಚಳ ಹಾಕಿದೆ. ಉಸ್ತಾದರ ಕೆಂಪೇ ಕಲಸಿದೆ.
ಬಂ ಬರೆದೆ. ದ ಬರೆದೆ. ಬೆಳಕು ಸಾಲದಾಯಿತು, ಇಳಿದೆ.
ರಾತ್ರಿಯಿಡೀ ಹಲಗೆಯ ಮೇಲೆ ಅಷ್ಟೇ: ಬಂದ.

ಬೆಳಿಗ್ಗೆ ಹಾಲಿನವನು ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿ ಕೇಳಿದ,
"ಯಾರು ಬಂದಿದ್ದು, ಪೇಂಟರೇ?"
"ಒಬ್ಬನೇ ಅಲ್ಲ, ತಡಿ" ಅಂದೆ,
ಏಣಿ ಆನಿಸಿ, ಬ್ರಷ್ಷಿನ ಕೂದಲು ನಾಲಗೆಯಲ್ಲಿ ಚೂಪು ಮಾಡುತ್ತ.